ನಕಲು ಬೇಕು, ಸುಳ್ಳು ಬೇಡ

ವಸ್ತುಸಂಗ್ರಹಾಲಯದ ಅಂಗಡಿ ಎಂದರೆ ನಮ್ಮ ವಿದ್ಯಾವಂತರಲ್ಲಿ ಅನೇಕರು ಮೂಗು ಮುರಿಯುತ್ತಾರೆ. ಒಳಗೆ ಸಾವಿರ ವರ್ಷದ ಶಿಲ್ಪ, ಹೊರಗೆ ಅದೇ ಶಿಲ್ಪದ ಪ್ಲಾಸ್ಟರ್ ಗೊಂಬೆ. ಒಳಗೆ ವಿದ್ಯೆ, ಹೊರಗೆ ವ್ಯಾಪಾರ. ಸರಸ್ವತಿಯ ಬಾಗಿಲಲ್ಲಿ ಲಕ್ಷ್ಮಿ ತಕ್ಕಡಿ ಹಿಡಿದು ಕುಳಿತ ಹಾಗಾಯಿತು ಎಂಬುದು ಅವರ ಆಕ್ಷೇಪ. ಕೇಳಲು ಚೆನ್ನಾಗಿದೆ. ಆದರೆ ಗಡಿನಾಡಿನಲ್ಲಿ ಬದುಕುವ ನಮ್ಮಂಥವರಿಗೆ ಈ ಮಾತು ಹಾನಿಕರ ಎಂಬುದು ನನ್ನ ವಾದ. ನಮಗೆ ಬೇಕಾದದ್ದು ಆ ಅಂಗಡಿ ಮುಚ್ಚುವುದಲ್ಲ. ಅದರ ಕಪಾಟಿನಲ್ಲಿ ನಮ್ಮ ಕಲ್ಲಿನ ಅಕ್ಷರಗಳಿಗೂ ಒಂದು ಜಾಗ ಬೇಕು. ಆ ಅಕ್ಷರ ಯಾವ ಭಾಷೆಯದು, ಯಾವ ಊರಿನದು ಎಂದು ಹೇಳುವ ಒಂದು ಚೀಟಿ ಬೇಕು. ಇಷ್ಟೇ.

ನಕಲೆಂದರೆ ಕೀಳು ಎಂಬ ಭಾವನೆ ನಮ್ಮ ಜನಸಾಮಾನ್ಯರದಲ್ಲ. ಅಕ್ಕಲಕೋಟೆಗೆ ಹೋದವರು ಸ್ವಾಮಿ ಸಮರ್ಥರ ಪಟವನ್ನೋ ಪುಟ್ಟ ಮೂರ್ತಿಯನ್ನೋ ಕೊಳ್ಳದೆ ತಿರುಗಿ ಬರುವುದು ಅಪರೂಪ. ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಗೆ ಬಂದವರು ಸಿದ್ಧರಾಮೇಶ್ವರರ ಪಟ ಒಯ್ಯುತ್ತಾರೆ. ಪಟ ಪಟವೇ, ಗುಡಿ ಗುಡಿಯೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಒಯ್ಯುತ್ತಾರೆ. ಯಾಕೆಂದರೆ ಗುಡಿ ಮನೆಗೆ ಬರುವುದಿಲ್ಲ, ಪಟ ಬರುತ್ತದೆ. ಮನೆಗೆ ಬಂದದ್ದು ಮಕ್ಕಳ ಕಣ್ಣಿಗೆ ದಿನಾ ಬೀಳುತ್ತದೆ. ದಿನಾ ಕಣ್ಣಿಗೆ ಬಿದ್ದದ್ದು ನಮ್ಮದಾಗುತ್ತದೆ.

ಇನ್ನು ಇದೇ ಲೆಕ್ಕವನ್ನು ನಮ್ಮ ಅಕ್ಷರಕ್ಕೆ ಹಚ್ಚಿ ನೋಡಿ. ಸೊಲ್ಲಾಪುರದ ನವಿ ಪೇಠೆಯಲ್ಲಿ ಗಿಫ್ಟ್ ಸಾಮಾನಿನ ಅಂಗಡಿಗಳಿಗೆ ಬರವಿಲ್ಲ. ಗಾಜಿನ ಪೆಟ್ಟಿಗೆಯ ತಾಜಮಹಲು ಸಿಗುತ್ತದೆ, ಹಿತ್ತಾಳೆ ಬಣ್ಣದ ಐಫೆಲ್ ಗೋಪುರ ಸಿಗುತ್ತದೆ. ನಾನು ನೋಡಿದ ಮಟ್ಟಿಗೆ ಸಿಗದಿರುವುದು ಸೊನ್ನಲಿಗೆಯ ಒಂದು ಕಲ್ಲು. ಸೊನ್ನಲಿಗೆ ಎಂಬುದು ಸೊಲ್ಲಾಪುರದ ಹಳೆಯ ಹೆಸರು. 12ನೆಯ ಶತಮಾನದಲ್ಲಿ ಸಿದ್ಧರಾಮರು ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಕನ್ನಡ ವಚನ ಬರೆದ ಊರು. ಬೇಂದ್ರೆಯವರು 1944ರಿಂದ 1956ರವರೆಗೆ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ ಊರು. ಆ ಊರಿನ ಮಗುವಿನ ಮೇಜಿನ ಮೇಲೆ ಪ್ಯಾರಿಸಿನ ಗೋಪುರ ನಿಂತಿದೆ. ಅದು ನಿಂತದ್ದು ತಪ್ಪಲ್ಲ. ಅದರ ಪಕ್ಕದ ಜಾಗ ಖಾಲಿ ಇರುವುದು ತಪ್ಪು.

ಕಾಸರಗೋಡಿನ ಓದುಗರಿಗೆ ನಮ್ಮ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1956ರ ರಾಜ್ಯ ವಿಂಗಡಣೆಯಲ್ಲಿ ನೀವು ಕೇರಳಕ್ಕೆ ಸೇರಿದಿರಿ, ನಾವು ಆಗಿನ ಮುಂಬಯಿ ರಾಜ್ಯದಲ್ಲಿ ಉಳಿದೆವು, 1960ರಲ್ಲಿ ಮಹಾರಾಷ್ಟ್ರದವರಾದೆವು. 1967ರ ಮಹಾಜನ ವರದಿ ನಿಮ್ಮ ಚಂದ್ರಗಿರಿಯ ಉತ್ತರ ಭಾಗವನ್ನೂ ನಮ್ಮ ಅಕ್ಕಲಕೋಟೆಯನ್ನೂ ಒಂದೇ ಕಟ್ಟಿನಲ್ಲಿ ಹೆಸರಿಸಿತು. ಆ ಕಟ್ಟನ್ನು ಜಾರಿಗೆ ತರಲು ಯಾರೂ ಬಿಚ್ಚಲಿಲ್ಲ. ಆ ಜಗಳ ಇಲ್ಲಿ ಬೇಡ. ಗಡಿ ಎಲ್ಲಿ ಹಾದರೂ ಕಲ್ಲುಗಳು ಇದ್ದಲ್ಲೇ ಇವೆ. ಸೊಲ್ಲಾಪುರ ಜಿಲ್ಲೆಯಲ್ಲಿ ಚಾಲುಕ್ಯ, ಕಳಚುರಿ, ಯಾದವರ ಕಾಲದ ಕನ್ನಡ ಶಾಸನಗಳು ಹಳ್ಳಿಹಳ್ಳಿಗಳಲ್ಲಿ ನಿಂತಿವೆ. ಶ್ರೀನಿವಾಸ ರಿತ್ತಿ ಮತ್ತು ಸೊಲ್ಲಾಪುರದವರೇ ಆದ ಆನಂದ ಕುಂಭಾರ ಇವರಿಬ್ಬರೂ ಸೇರಿ ಈ ಜಿಲ್ಲೆಯ ಶಾಸನಗಳ ಸಂಪುಟವನ್ನು 1988ರಲ್ಲಿ ಹೊರತಂದರು. ವಿದ್ವಾಂಸರು ತಮ್ಮ ಕೆಲಸ ಮಾಡಿದ್ದಾರೆ. ಆ ಕೆಲಸ ಗ್ರಂಥಾಲಯದಿಂದ ಮನೆಗೆ ಬಂದಿಲ್ಲ. ಅದನ್ನು ಮನೆಗೆ ತರುವ ಒಂದು ದಾರಿ ಈ ಪ್ರತಿಕೃತಿಯ ಅಂಗಡಿ.

ನಕಲಿಗೂ ಸುಳ್ಳಿಗೂ ಇರುವ ಅಂತರವನ್ನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರು ಬೇಗ ಅರಿಯುತ್ತಾರೆ. ಪಾಸ್‌ಬುಕ್ಕು ಎಂದರೇನು? ಬ್ಯಾಂಕಿನ ಲೆಕ್ಕದ ನಕಲು. ಲೆಡ್ಜರು ಬ್ಯಾಂಕಿನಲ್ಲಿ, ಪಾಸ್‌ಬುಕ್ಕು ಗಿರಾಕಿಯ ಮನೆಯ ಟ್ರಂಕಿನಲ್ಲಿ. ಅದು ಮೂಲವಲ್ಲ ಎಂದು ಯಾರೂ ಅದನ್ನು ಎಸೆಯುವುದಿಲ್ಲ. ಮೂಲದಲ್ಲಿ ತನ್ನ ಹಣ ಇದೆ ಎಂಬುದಕ್ಕೆ ಆ ಮುದುಕಿಗೆ ಅದೇ ಆಧಾರ. ಇನ್ನು ಜಾತ್ರೆಯಲ್ಲಿ ಮಕ್ಕಳ ಆಟದ ನೋಟು ಮಾರುತ್ತಾರೆ. ಅದರ ಮೇಲೆ ಮನೋರಂಜನ್ ಬ್ಯಾಂಕ್ ಎಂದೋ ಚಿಲ್ಡ್ರನ್ ಬ್ಯಾಂಕ್ ಎಂದೋ ಅಚ್ಚಾಗಿರುತ್ತದೆ. ಅದನ್ನು ಹಿಡಿದ ಮಗುವನ್ನು ಪೊಲೀಸರು ಹಿಡಿಯುವುದಿಲ್ಲ. ಖೋಟಾ ನೋಟು ಮಾತ್ರ ಅಪರಾಧ. ಮೂರೂ ನಕಲುಗಳೇ. ಒಂದು ಮೂಲವನ್ನು ತೋರಿಸುತ್ತದೆ, ಒಂದು ತಾನು ಆಟ ಎಂದು ಒಪ್ಪಿಕೊಳ್ಳುತ್ತದೆ, ಒಂದು ತಾನೇ ಮೂಲ ಎಂದು ಸುಳ್ಳು ಹೇಳುತ್ತದೆ. ತಪ್ಪು ಕಾಗದದಲ್ಲಿಲ್ಲ, ಅದರ ಮೇಲೆ ಬರೆದದ್ದರಲ್ಲಿದೆ.

ವಿಗ್ರಹದ ವಿಷಯದಲ್ಲೂ ಹೀಗೇ. ತಮಿಳುನಾಡಿನ ಶಿವಪುರದ ನಟರಾಜನ ಕತೆ ಅನೇಕರಿಗೆ ಗೊತ್ತು. 1951ರಲ್ಲಿ ನೆಲದಡಿ ಸಿಕ್ಕ ಚೋಳರ ಕಾಲದ ಕಂಚು. ದುರಸ್ತಿಗೆಂದು ಕೊಟ್ಟಾಗ ಅದರಂತೆಯೇ ಇನ್ನೊಂದನ್ನು ಎರಕ ಹೊಯ್ದು ಗುಡಿಗೆ ಕೊಟ್ಟರು. ಮೂಲ ಕೈಯಿಂದ ಕೈಗೆ ದಾಟಿ ಅಮೆರಿಕದ ನಾರ್ಟನ್ ಸೈಮನ್ ಪ್ರತಿಷ್ಠಾನಕ್ಕೆ ಹೋಯಿತು. 1986ರಲ್ಲಷ್ಟೆ ಭಾರತಕ್ಕೆ ಮರಳಿತು. ಆ ನಕಲು ಮಾಡಿದ ಕೈಯ ಕೆಲಸ ಚೆನ್ನಾಗಿಯೇ ಇದ್ದಿರಬೇಕು. ಅದಕ್ಕೇ ವರ್ಷಗಟ್ಟಲೆ ದಾಟಿತು. ಅದರ ಬೆನ್ನ ಮೇಲೆ ‘ಇದು ಪ್ರತಿಕೃತಿ’ ಎಂಬ ಒಂದು ಮಾತಿದ್ದಿದ್ದರೆ ಅದು ಕಳ್ಳತನಕ್ಕೆ ನೆರವಾಗುತ್ತಿರಲಿಲ್ಲ.

ಪ್ರಾಮಾಣಿಕವಾದ ನಕಲು ಇದರ ನೇರ ವಿರುದ್ಧ. ಅದು ಮೂಲವನ್ನು ಉಳಿಸುತ್ತದೆ. 19ನೆಯ ಶತಮಾನದಲ್ಲಿ ಸಾಂಚಿಯ ಪೂರ್ವದ ತೋರಣವನ್ನು ಕಿತ್ತು ತಮ್ಮ ದೇಶಕ್ಕೆ ಒಯ್ಯಬೇಕೆಂದು ಫ್ರೆಂಚರಿಗೂ ಕೆಲವು ಆಂಗ್ಲರಿಗೂ ಆಸೆಯಿತ್ತು. ಎಚ್.ಎಚ್. ಕೋಲ್ ಎಂಬ ಅಧಿಕಾರಿ ಅದರ ಪ್ಲಾಸ್ಟರ್ ಅಚ್ಚು ತೆಗೆಸಿದ; ಅಚ್ಚಿನ ಪ್ರತಿಗಳು ಯುರೋಪಿಗೆ ಹೋದವು, ತೋರಣ ಸಾಂಚಿಯಲ್ಲೇ ಉಳಿಯಿತು. ಅಮರಾವತಿಗೆ ಈ ಭಾಗ್ಯ ಇರಲಿಲ್ಲ. ಅಲ್ಲಿಯ ಕೆತ್ತನೆಯ ಹಲಗೆಗಳು ಮದ್ರಾಸಿಗೆ, ಕಲ್ಕತ್ತೆಗೆ, ಲಂಡನ್ನಿಗೆ ಚದುರಿ ಹೋಗಿ ಸ್ತೂಪ ಬರಿಯ ದಿಬ್ಬವಾಯಿತು. ಮೂಲ ಊರಿನಲ್ಲಿರಲಿ, ನಕಲು ವಸ್ತುಸಂಗ್ರಹಾಲಯಕ್ಕೆ ಹೋಗಲಿ ಎಂಬುದು ಕೋಲ್‌ನ ನಿಲುವು. ನಾವು ಮಾತ್ರ ಎಷ್ಟೋ ಬಾರಿ ಇದನ್ನು ತಿರುವಿ ಹಾಕಿದ್ದೇವೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಪತ್ತೆಹಚ್ಚಿದ ಶಾಸನದ ಮೂಲ ಕಲ್ಲು ಮೈಸೂರಿಗೆ ಹೋಯಿತು. ಹಲ್ಮಿಡಿಯ ಮಂಟಪದಲ್ಲಿ ನಿಂತಿರುವುದು ಫೈಬರ್ ಗ್ಲಾಸಿನ ಪ್ರತಿಕೃತಿ. ಆದರೂ ನೋಡಿ, ಆ ಪ್ರತಿಕೃತಿ ನಿಂತ ಮೇಲೆ ಹಲ್ಮಿಡಿಗೆ ಹೋದವನು ಕೈಬೀಸಿಕೊಂಡು ಬರಬೇಕಾಗಿಲ್ಲ. ಆ ಹದಿನಾರು ಸಾಲು ಇದೇ ಊರಿನದು ಎಂದು ಊರೇ ತೋರಿಸುತ್ತದೆ. ಕನ್ನಡ ನಾಡಿನ ಹೃದಯದ ಊರಿಗೇ ಪ್ರತಿಕೃತಿ ಇಷ್ಟು ಕೆಲಸ ಮಾಡಿಕೊಟ್ಟಿದ್ದರೆ ಗಡಿಯ ಊರಿಗೆ ಎಷ್ಟು ಮಾಡಿಕೊಡಲಿಕ್ಕಿಲ್ಲ?

ಒಮ್ಮೆ ದೊಡ್ಡ ನಗರವೊಂದರ ವಸ್ತುಸಂಗ್ರಹಾಲಯದ ಅಂಗಡಿಯಲ್ಲಿ ಕನ್ನಡ ಶಾಸನದ ಪ್ರತಿ ಏನಾದರೂ ಇದೆಯೇ ಎಂದು ಕೇಳಿದೆ. ಬುದ್ಧನಿದ್ದ, ಗಣಪತಿಯಿದ್ದ, ಆನೆಗಳ ಸಾಲಿತ್ತು. ಮಾರುವವನು ನಕ್ಕು, “ಅದನ್ನು ಯಾರು ಕೊಳ್ಳುತ್ತಾರೆ ಸಾಹೇಬರೇ? ಓದಲಿಕ್ಕೇ ಬರುವುದಿಲ್ಲವಲ್ಲ” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಪಾಟು ತುಂಬಿಸಿ ಕೊಟ್ಟವರ ತಿಳಿವಳಿಕೆಯೇ ಅವನ ಬಾಯಿಂದ ಬಂತು. ಆದರೆ ಅದಕ್ಕೆ ಉತ್ತರ ಕೊಡಲೇಬೇಕು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 1802ರಿಂದ ರೊಸೆಟ್ಟಾ ಎಂಬ ಕಲ್ಲಿದೆ. ಕ್ರಿಸ್ತಪೂರ್ವ 196ರ, ಈಜಿಪ್ಟಿನ ಒಬ್ಬ ಅರಸನ ಕಾಲದ ಆಜ್ಞೆ, ಮೂರು ಲಿಪಿಗಳಲ್ಲಿದೆ. ಮುರಿದ ಕರಿಯ ಕಲ್ಲು. ಆನೆಯಿಲ್ಲ, ಅಪ್ಸರೆಯಿಲ್ಲ, ಬರೀ ಅಕ್ಷರ. ಅಲ್ಲಿಗೆ ಹೋಗುವ ಸಾವಿರ ಜನರಲ್ಲಿ ಒಬ್ಬನಿಗೂ ಅದನ್ನು ಓದಲು ಬರಲಿಕ್ಕಿಲ್ಲ. ಆದರೂ ಆ ಮ್ಯೂಸಿಯಂನ ಅಂಗಡಿಯಲ್ಲಿ ಅತ್ಯಂತ ಹೆಚ್ಚು ಮಾರಾಟವಾಗುವ ಗುರುತುಗಳಲ್ಲಿ ಅದೂ ಒಂದು: ಪುಟ್ಟ ಪ್ರತಿಕೃತಿ, ಕಾರ್ಡು, ಚಹದ ಮಗ್ಗು, ಟವೆಲು ಎಲ್ಲದರ ಮೇಲೂ ಅದೇ ಅಕ್ಷರ. ಜನ ಕೊಳ್ಳುವುದು ಓದಲು ಬರುತ್ತದೆಂದಲ್ಲ. ಈ ಕಲ್ಲಿನಿಂದ ಒಂದು ಮರೆತ ಲಿಪಿ ಮಾತಾಡಿತು ಎಂಬ ಕತೆಯನ್ನು ಅವರಿಗೆ ಯಾರೋ ಹೇಳಿದ್ದಾರೆ ಎಂದು. ಇನ್ನೊಂದು ಮಾತು. 1822ರಲ್ಲಿ ಆ ಲಿಪಿಯ ಗುಟ್ಟನ್ನು ಬಿಡಿಸಿದ ಶಾಂಪೋಲಿಯಾನ್ ದುಡಿದದ್ದು ಪ್ಯಾರಿಸಿನಲ್ಲಿ, ಶಾಸನದ ಪ್ರತಿಗಳನ್ನು ಮುಂದಿಟ್ಟುಕೊಂಡು. ನಮ್ಮ ಶಾಸನತಜ್ಞರೂ ಒದ್ದೆ ಕಾಗದ ಬಡಿದು, ಮಸಿ ಹಚ್ಚಿ ತೆಗೆದ ಪಡಿಯಚ್ಚನ್ನೇ ಮೇಜಿನ ಮೇಲೆ ಹರಡಿ ಓದುತ್ತಾರೆ. ಶಾಸನಶಾಸ್ತ್ರವೇ ನಕಲಿನ ಮೇಲೆ ನಿಂತಿದೆ. ವಿದ್ವಾಂಸನಿಗೆ ನಕಲು ಸಲ್ಲುತ್ತದೆ, ಶಾಲೆಯ ಮಗುವಿಗೆ ಸಲ್ಲುವುದಿಲ್ಲ ಎಂದರೆ ಹೇಗೆ?

ಚೀಟಿಯ ಮಾತಿಗೆ ಬರುತ್ತೇನೆ. ನನ್ನ ನಿಜವಾದ ತಕರಾರು ಇಲ್ಲಿದೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನವರು ಒಂದು ವ್ಯಾಘ್ರನಖವನ್ನು ಎರವಲಾಗಿ ಕೊಟ್ಟರು. 2024ರ ಜುಲೈಯಲ್ಲಿ ಅದು ಸಾತಾರಕ್ಕೆ ಬಂತು. ಮಹಾರಾಷ್ಟ್ರವೆಲ್ಲ ಸಂಭ್ರಮಿಸಿತು. ಆ ಮ್ಯೂಸಿಯಂ ಮಾತ್ರ ಶಿವಾಜಿ ಮಹಾರಾಜರು ಬಳಸಿದ್ದು ಇದೇ ಎಂದು ಖಚಿತವಾಗಿ ಹೇಳಲು ಆಧಾರ ಸಾಲದು ಎಂಬುದನ್ನೂ ಜೊತೆಗೇ ತಿಳಿಸಿತು. ಸಂಭ್ರಮ ಇದರಿಂದ ಕಡಿಮೆಯಾಗಲಿಲ್ಲ. ಇಂಥ ಚೀಟಿ ಬೇಕು: ಗೊತ್ತಿದ್ದಷ್ಟನ್ನು ಹೇಳುವ ಚೀಟಿ. ಇದಕ್ಕೆ ವಿರುದ್ಧವಾದದ್ದು ದಿಲ್ಲಿಯಲ್ಲಿ 2023ರ ಮೇ ತಿಂಗಳ ಅಂತರರಾಷ್ಟ್ರೀಯ ಮ್ಯೂಸಿಯಂ ಪ್ರದರ್ಶನದಲ್ಲಿ ಕಂಡಿತು. ಮೊಹೆಂಜೊದಾರೊದ ನರ್ತಕಿ ಒಂದು ಗೇಣಿಗೂ ಕಡಿಮೆ ಎತ್ತರದ ಕಂಚು, ಮೈಮೇಲೆ ಬಳೆಗಳೇ ಹೊರತು ಬಟ್ಟೆಯಿಲ್ಲ. ಆಕೆಯನ್ನು ಚನ್ನಪಟ್ಟಣದ ಗೊಂಬೆಯ ಶೈಲಿಯಲ್ಲಿ ಆಳೆತ್ತರ ಮಾಡಿ, ಬಟ್ಟೆ ತೊಡಿಸಿ, ಬಣ್ಣ ಬಳಿದು ಪ್ರದರ್ಶನದ ಲಾಂಛನವಾಗಿ ನಿಲ್ಲಿಸಿದರು. ಇತಿಹಾಸಕಾರರು ಆಕ್ಷೇಪಿಸಿದಾಗ ಇದು ಪ್ರತಿಕೃತಿಯಲ್ಲ, ಸ್ಫೂರ್ತಿ ಪಡೆದದ್ದು ಎಂದು ಸಮಜಾಯಿಷಿ ಬಂತು. ಚನ್ನಪಟ್ಟಣದ ಕುಶಲಕರ್ಮಿಗಳದ್ದು ಇದರಲ್ಲಿ ತಪ್ಪಿಲ್ಲ. ಆದರೆ ವಸ್ತುಸಂಗ್ರಹಾಲಯಗಳ ಹಬ್ಬದಲ್ಲೇ ಮೂಲವನ್ನು ತಿದ್ದಿದರೆ ಹೊರಗಿನ ಅಂಗಡಿಯವನಿಗೆ ಬುದ್ಧಿ ಹೇಳುವವರು ಯಾರು?

ಗುರುತಿನ ಬೆಲೆ ಸೊಲ್ಲಾಪುರಕ್ಕೆ ಹೊಸತಲ್ಲ. ಎಲ್ಲೆಲ್ಲೋ ನೇಯ್ದ ಹೊದಿಕೆಗಳು ಸೊಲ್ಲಾಪುರ ಚಾದರ ಎಂಬ ಹೆಸರಿನಲ್ಲಿ ಮಾರಾಟವಾದಾಗ ನಮ್ಮ ಮಗ್ಗದವರ ಹೊಟ್ಟೆ ಉರಿಯಿತು. 2005ರಲ್ಲಿ ಸೊಲ್ಲಾಪುರ ಚಾದರಕ್ಕೆ ಭೌಗೋಳಿಕ ಗುರುತಿನ ಕಾನೂನು ರಕ್ಷಣೆ ಸಿಕ್ಕಿತು. ಹತ್ತಿಯ ನೂಲಿಗೆ ‘ಇದು ಈ ಊರಿನದು’ ಎಂಬ ಮಾತು ಬೇಕಾದರೆ ಸಾವಿರ ವರ್ಷದ ಅಕ್ಷರಕ್ಕೆ ಬೇಡವೇ? ನಮ್ಮ ಕಡೆಯ ಎಷ್ಟೋ ಗುಡಿಗಳ ಮುಂದಿನ ಶಾಸನವನ್ನು ‘ಪುರಾತನ ಲೇಖ’ ಎಂದಷ್ಟೇ ಹೇಳಿ ಮುಗಿಸುತ್ತಾರೆ. ಯಾವ ಭಾಷೆ ಎಂದು ಹೇಳಿದರೆ ಯಾರ ಗಂಟು ಹೋಗುತ್ತದೆ? ಓದಲಾಗದ ಅಕ್ಷರವನ್ನು ಹಳ್ಳಿಗರು ನಿಧಿಯ ಗುಟ್ಟು ಎಂದು ಭಾವಿಸುತ್ತಾರೆ. ಅಮಾವಾಸ್ಯೆಯ ರಾತ್ರಿ ಯಾರೋ ಬಂದು ಕಲ್ಲಿನ ಬುಡ ಅಗೆಯುತ್ತಾರೆ. ಅದೇ ಕಲ್ಲಿನ ಕಿರು ಪ್ರತಿಯೊಂದು ಊರಿನ ಶಾಲೆಯಲ್ಲಿದ್ದು, ‘ಇದು ಕನ್ನಡ, ದೇವರ ನಂದಾದೀಪಕ್ಕೆ ಇಷ್ಟು ಭೂಮಿ ಬಿಟ್ಟ ಲೆಕ್ಕ’ ಎಂದು ಮಕ್ಕಳಿಗೆ ಗೊತ್ತಾದರೆ ನಿಧಿಯ ಮಾತು ಅಂದೇ ಸಾಯುತ್ತದೆ. ಆ ಕಲ್ಲನ್ನು ಕಾಯುವುದು ಪೊಲೀಸರಲ್ಲ, ಆ ಮಕ್ಕಳು.

ಇದನ್ನು ಮರಾಠಿಯ ವಿರುದ್ಧದ ಮಾತೆಂದು ಯಾರೂ ತಿಳಿಯಬಾರದು. ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಹತ್ತರಸಂಗ ಕೂಡಲದಲ್ಲಿ ಸೀನಾ ನದಿ ಭೀಮೆಯನ್ನು ಸೇರುತ್ತದೆ. ಅಲ್ಲಿಯ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ 1018ರ ಶಾಸನವಿದೆ. ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಒಂದು. ಇದನ್ನು ಓದುವವನಿಗೆ ಜಯವಾಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಅತ್ತ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಕನ್ನಡದ ಜೊತೆಗೇ ಮರಾಠಿ ಅಕ್ಷರವಿದೆ. ಕನ್ನಡದ ನೆಲದಲ್ಲಿ ಮರಾಠಿ, ಮರಾಠಿಯ ನೆಲದಲ್ಲಿ ಕನ್ನಡ. ಕಲ್ಲುಗಳು ಜಗಳವಾಡಲಿಲ್ಲ. ಕೂಡಲದ ಮರಾಠಿ ಸಾಲಿನ ಪ್ರತಿಯನ್ನು ಮಾಡಿ ಮಾರಲಿ, ಮೊದಲು ನಾನೇ ಕೊಳ್ಳುತ್ತೇನೆ. ಅದರ ಪಕ್ಕದಲ್ಲಿ ಇದೇ ಜಿಲ್ಲೆಯ ಒಂದು ಕನ್ನಡ ಶಾಸನದ ಪ್ರತಿಯೂ ಇರಲಿ. ಎರಡರ ಚೀಟಿಯೂ ಎರಡು ಭಾಷೆಗಳಲ್ಲಿರಲಿ. ಕನ್ನಡ ಮಲಯಾಳ ಎರಡನ್ನೂ ಒಂದೇ ಹೊದಿಕೆಯಲ್ಲಿ ಕೊಡುವ ಈ ವಾರ್ಷಿಕದ ಓದುಗರಿಗೆ ಇದು ವಿಚಿತ್ರವೆನಿಸಲಾರದು.

ಎಲ್ಲದರ ನಕಲನ್ನೂ ಮಾಡಿ ಮಾರಬಹುದೆಂದು ನನ್ನ ಮಾತಲ್ಲ. ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಕರಾವಳಿಯ ಭೂತಗಳ ದೊಡ್ಡ ಮರದ ಮೂರ್ತಿಗಳಿವೆ. ಅವುಗಳ ಮುಖವಾಡವನ್ನು ಗೋಡೆಯ ಅಲಂಕಾರಕ್ಕೆ ಅಗ್ಗವಾಗಿ ಹೊಯ್ದು ಮಾರುವ ಮೊದಲು ದೈವವನ್ನು ನಂಬಿದ ಮನೆತನಗಳನ್ನೂ, ಅದನ್ನು ಮೈಮೇಲೆ ತಂದುಕೊಳ್ಳುವವರನ್ನೂ ಕೇಳಬೇಕು. ಅವರು ಬೇಡವೆಂದರೆ ಬೇಡ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಶಾಸನದ ಸ್ಥಿತಿ ಹಾಗಲ್ಲ. ಎಲ್ಲರಿಗೂ ತಿಳಿಯಲಿ ಎಂದೇ ಅದನ್ನು ಬಯಲಲ್ಲಿ ನಿಲ್ಲಿಸಿದರು. ಅದನ್ನು ಹರಡುವುದು ಅದರ ಉದ್ದೇಶವನ್ನೇ ಮುಂದುವರಿಸಿದಂತೆ. ಅಚ್ಚು ತೆಗೆಯುವಾಗ ಕಲ್ಲಿಗೆ ಪೆಟ್ಟಾಗುತ್ತದೆ ಎಂಬ ಭಯಕ್ಕೂ ಈಗ ಉತ್ತರವಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಆ ನಗರದ ಸುತ್ತಣ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗಿನಿಂದ ದಾಖಲಿಸುತ್ತ ಬಂದಿದೆ. ಬೆಳಕು ಮುಟ್ಟುತ್ತದೆ, ಕೈ ಮುಟ್ಟುವುದಿಲ್ಲ. ಆ ದಾಖಲೆಯಿಂದ ಬೇಕಾದ ಅಳತೆಯ ಪ್ರತಿ ತೆಗೆಯಬಹುದು. ಬೆಂಗಳೂರಿನ ಕಲ್ಲಿಗೆ ಆದದ್ದು ಅಕ್ಕಲಕೋಟೆಯ ಕಲ್ಲಿಗೆ ಯಾಕಾಗಬಾರದು?

ಅಕ್ಕಲಕೋಟೆಯ ಅರಮನೆಯಲ್ಲಿ ಹೆಸರಾಂತ ಶಸ್ತ್ರಾಗಾರವಿದೆ: ಕತ್ತಿ, ಕಠಾರಿ, ಬಂದೂಕುಗಳ ದೊಡ್ಡ ಸಂಗ್ರಹ. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ನೋಡಲಿ. ಆದರೆ ನಮ್ಮ ಮಕ್ಕಳಿಗೆ ಈ ಸೀಮೆಯ ಹಿಂದಿನವರು ಕತ್ತಿ ಹಿಡಿದರು ಎಂಬುದಷ್ಟೇ ಗೊತ್ತಾಗಿ, ಉಳಿ ಹಿಡಿದು ಬರೆದರು, ಕೆರೆ ಕಟ್ಟಿಸಿದರು, ದಾನ ಕೊಟ್ಟು ಲೆಕ್ಕ ಇಟ್ಟರು ಎಂಬುದು ಗೊತ್ತಾಗದಿದ್ದರೆ ಅದು ಅರ್ಧ ಇತಿಹಾಸ.

ಸರಕಾರವನ್ನೂ ಇಲಾಖೆಯನ್ನೂ ಬೈದು ಮುಗಿಸುವುದು ಸುಲಭ. ನಮ್ಮ ಕನ್ನಡ ಸಂಘಗಳು ಏನು ಮಾಡುತ್ತಿವೆ? ಸೊಲ್ಲಾಪುರವಿರಲಿ, ಕಾಸರಗೋಡಿರಲಿ, ಮುಂಬಯಿಯಿರಲಿ, ಕನ್ನಡದ ಸಮಾರಂಭವೆಂದರೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ, ಒಂದು ಸ್ಮರಣಿಕೆ. ಆ ಸ್ಮರಣಿಕೆಯಾದರೂ ಎಂಥದು? ಹಲಗೆಗೆ ಅಂಟಿಸಿದ ಚಿನ್ನದ ಬಣ್ಣದ ತಗಡು. ವರ್ಷ ತುಂಬುವುದರೊಳಗೆ ತಗಡು ಕಪ್ಪಾಗುತ್ತದೆ, ಹಲಗೆ ಅಟ್ಟ ಸೇರುತ್ತದೆ. ಸ್ಮರಣಿಕೆ ಎಂಬ ಹೆಸರಿನಲ್ಲಿ ಕೊಟ್ಟದ್ದು ಏನನ್ನೂ ಸ್ಮರಿಸುವುದಿಲ್ಲ. ಅದೇ ಹಣಕ್ಕೆ ಆ ತಾಲ್ಲೂಕಿನ ಒಂದು ಶಾಸನದ ಅಂಗೈಯಗಲದ ಪ್ರತಿ ಮಾಡಿಸಬಹುದು. ಬೆನ್ನಿಗೆ ನಾಲ್ಕು ಸಾಲು: ಮೂಲ ಎಲ್ಲಿದೆ, ಯಾವ ಕಾಲದ್ದು, ಯಾವ ಭಾಷೆ, ಏನು ಹೇಳುತ್ತದೆ. ಐದನೆಯ ಸಾಲು: ಇದು ಪ್ರತಿಕೃತಿ. ಮೂರ್ತಿ ಮಾಡುವ ಕುಶಲಕರ್ಮಿಗಳು ನಮ್ಮೂರಲ್ಲೂ ಇದ್ದಾರೆ, ನಿಮ್ಮೂರಲ್ಲೂ ಇದ್ದಾರೆ. ಅವರಿಗೂ ನಾಲ್ಕು ಕಾಸಾಗುತ್ತದೆ. ಬೇಕಲದ ಕೋಟೆ ನೋಡಿ ಹೊರಬರುವ ಪ್ರವಾಸಿ ಒಂದು ಕೀಲಿಗೊಂಚಲು ಕೊಂಡರೆ, ಅದರ ಮೇಲೆ ಕೋಟೆಯ ಚಿತ್ರದ ಜೊತೆಗೆ ಕೆಳದಿಯ ಶಿವಪ್ಪ ನಾಯಕನ ಹೆಸರು ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಇದಕ್ಕೆ ಆಯೋಗವೂ ಬೇಡ, ವರದಿಯೂ ಬೇಡ.

ನಮ್ಮ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಎಂಬುದು ಈಗ ಪ್ರತಿ ಮನೆಯ ಸಂಕಟ. ಇಂಗ್ಲಿಷ್ ಬೇಕು, ನಮ್ಮಲ್ಲಿ ಮರಾಠಿ ಬೇಕು, ನಿಮ್ಮಲ್ಲಿ ಮಲಯಾಳ ಬೇಕು. ಕನ್ನಡದ ಸರದಿ ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ. ಪುಸ್ತಕ ತೆ‌ರೆಯದ ಮಗುವಿನ ಮೇಜಿನ ಮೇಲೂ ಒಂದು ಕಲ್ಲಿನ ತುಂಡು ಇರಬಹುದು. ಇದೇನು ಅಪ್ಪಾ ಎಂದು ಅದು ಒಂದು ದಿನ ಕೇಳಬಹುದು. ಆ ಪ್ರಶ್ನೆ ಹುಟ್ಟಿಸಲು ಶಕ್ತಿಯಿರುವ ವಸ್ತುವನ್ನು ನಕಲಿ ಎಂದು ಹೀಗಳೆಯುವ ಐಶ್ವರ್ಯ ಬೆಂಗಳೂರಿನವರಿಗೆ ಇರಬಹುದು, ಗಡಿಯವರಿಗಿಲ್ಲ. ಮುಂದಿನ ರಾಜ್ಯೋತ್ಸವಕ್ಕೆ ಸ್ಮರಣಿಕೆ ಮಾಡಿಸಲು ಹೊರಟಿರುವ ಸಂಘದ ಕಾರ್ಯದರ್ಶಿಗಳು ಅಂಗಡಿಗೆ ಹೋಗುವ ಮೊದಲು ತಮ್ಮ ಊರ ಗುಡಿಯ ಮುಂದಿನ ಕಲ್ಲನ್ನು ಒಮ್ಮೆ ನೋಡಿ ಬರಲಿ.